ನೀರಿನೊಳಗಿನ ಲೋಹ, ಇದ್ದಿಲಿನ ಮೇಲ್ಮೈ



ಈ ದತ್ತಿ ಉಪನ್ಯಾಸದಲ್ಲಿ ವಿಜ್ಞಾನದ ಒಂದು ವಿಷಯವನ್ನು ಬಲ್ಲವರಿಗೂ ಹೊಸಬರಿಗೂ ಒಟ್ಟಿಗೆ ತಿಳಿಯುವಂತೆ ಹೇಳಬೇಕೆಂದು ನನಗೆ ಆದೇಶವಾಗಿದೆ. ನೀರಿನಲ್ಲಿ ಕರಗಿರುವ ವಿಷಕಾರಿ ಭಾರಲೋಹಗಳನ್ನು ಮಾರ್ಪಡಿಸಿದ ಸಕ್ರಿಯ ಇಂಗಾಲದ ಮೂಲಕ ಹೊರತೆಗೆಯುವ ಬಗೆಯನ್ನು ನಾನು ಆರಿಸಿಕೊಂಡಿದ್ದೇನೆ. ಸಕ್ರಿಯ ಇಂಗಾಲ ಎಂದರೆ ನಮ್ಮ ಮನೆಯ ವಾಟರ್ ಫಿಲ್ಟರಿನಲ್ಲಿರುವ ಕಪ್ಪು ಹರಳು, ವ್ಯಾಪಾರದ ಮಾತಿನಲ್ಲಿ ಆಕ್ಟಿವೇಟೆಡ್ ಕಾರ್ಬನ್. ಸೀಸ, ಕ್ಯಾಡ್ಮಿಯಂ, ಪಾದರಸ, ಕ್ರೋಮಿಯಂ, ಇವುಗಳ ಸಾಲಿನಲ್ಲೇ ಎಣಿಸಲಾಗುವ ಆರ್ಸೆನಿಕ್, ಇಷ್ಟು ನನ್ನ ವ್ಯಾಪ್ತಿ. ನಮ್ಮ ರಾಜ್ಯವನ್ನು ಬಹಳವಾಗಿ ಕಾಡುವ ಫ್ಲೋರೈಡ್ ಲೋಹವಲ್ಲ, ಅದಕ್ಕೆ ಪ್ರತ್ಯೇಕ ಉಪನ್ಯಾಸವೇ ಬೇಕು. ಈ ಲೋಹಗಳು ಎಷ್ಟಿದ್ದರೆ ಹೆಚ್ಚು ಎಂಬುದನ್ನು ಮೊದಲು ನೋಡೋಣ. ಬರಿಯ ಇದ್ದಿಲು ಏಕೆ ಸಾಲದು, ಅದನ್ನು ಮಾರ್ಪಡಿಸುವುದು ಎಂದರೇನು ಎಂಬುದು ಎರಡನೆಯದು. ಪ್ರಯೋಗಾಲಯದ ನೀರಿಗೂ ಊರಿನ ನೀರಿಗೂ ಇರುವ ಅಂತರ ಮೂರನೆಯದು. ಹಿಡಿದ ಲೋಹವನ್ನು ಕೊನೆಗೆ ಎಲ್ಲಿಡುವುದು ಎಂಬುದು ನಾಲ್ಕನೆಯದು. ನನ್ನ ಆತಂಕವೆಲ್ಲ ಈ ನಾಲ್ಕನೆಯದರಲ್ಲೇ ಇದೆ ಎಂಬುದನ್ನು ಈಗಲೇ ತಿಳಿಸಿಬಿಡುತ್ತೇನೆ.

ಚರಂಡಿ ನೀರಿನ ಕೊಳೆಯನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ಕೀಟನಾಶಕದ ಅಣು ಬಿಸಿಲಿಗೆ, ಕಾಲಕ್ಕೆ ಒಡೆದು ಬೇರೇನೋ ಆಗುತ್ತದೆ. ಸೀಸದ ಪರಮಾಣು ಹಾಗಲ್ಲ, ಅದು ಎಂದಿಗೂ ಸೀಸವೇ. ಕುದಿಸಿದರೆ ರೋಗಾಣು ಸಾಯುತ್ತದೆ, ಲೋಹ ಹೋಗುವುದಿಲ್ಲ. ಆವಿಯಾಗಿ ನೀರು ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. 'ಕಾಯಿಸಿ ಆರಿಸಿದ ನೀರು ಕುಡಿಯಿರಿ' ಎಂದು ನಾವು ಹೇಳುವ ಬುದ್ಧಿಮಾತು ಕಾಲರಾಕ್ಕೆ ಸರಿ, ಕ್ರೋಮಿಯಂಗೆ ನಡೆಯುವುದಿಲ್ಲ.

ಜಗತ್ತು ಇದನ್ನು ಬಹಳ ನೋವುಂಡು ಕಲಿತಿದೆ. ಜಪಾನಿನ ಮಿನಾಮಾಟದಲ್ಲಿ ರಾಸಾಯನಿಕ ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ಪಾದರಸ ಮೀನಿನ ಮೂಲಕ ಮನುಷ್ಯರ ನರಮಂಡಲವನ್ನು ಸೇರಿತು. ಆ ಕಾಯಿಲೆ ಅಧಿಕೃತವಾಗಿ ದಾಖಲಾದದ್ದು 1956ರಲ್ಲಿ. ಅದೇ ದೇಶದ ಜಿನ್‌ಜು ನದಿಯ ದಂಡೆಯಲ್ಲಿ ಗಣಿಯಿಂದ ಬಂದ ಕ್ಯಾಡ್ಮಿಯಂ ಗದ್ದೆಗಳಿಗೆ ಹರಿದು, ಮೂಳೆ ಮುರಿಯುವ 'ಇತಾಯ್ ಇತಾಯ್' ಕಾಯಿಲೆ ತಂದಿತು. ಅದು ಮಾಲಿನ್ಯದಿಂದ ಬಂದ ರೋಗವೆಂದು ಅಲ್ಲಿನ ಸರ್ಕಾರ ಒಪ್ಪಿದ್ದು 1968ರಲ್ಲಿ.

ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ ಐಎಸ್ 10500. ಅದರ 2012ರ ಆವೃತ್ತಿಯ ಪ್ರಕಾರ ಒಂದು ಲೀಟರ್ ನೀರಿನಲ್ಲಿ ಸೀಸ 0.01 ಮಿಲಿಗ್ರಾಂ, ಕ್ಯಾಡ್ಮಿಯಂ 0.003, ಪಾದರಸ 0.001, ಆರ್ಸೆನಿಕ್ 0.01, ಒಟ್ಟು ಕ್ರೋಮಿಯಂ 0.05 ಮಿಲಿಗ್ರಾಂ ಮೀರಬಾರದು. ಈ ಅಂಕಿಗಳನ್ನು ಓದಿ ಮುಂದೆ ಹೋಗಿಬಿಟ್ಟರೆ ಅವು ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಒಂದು ಲೆಕ್ಕ ಮಾಡೋಣ.

ಬೆಂಗಳೂರಿನ ಪೀಣ್ಯದಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಮಾಡುವ ಸಣ್ಣ ಸಣ್ಣ ಘಟಕಗಳು ಬಹಳ ಇವೆ. ಆ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಹಲವು ವರ್ಷಗಳಿಂದ ವರದಿಯಾಗುತ್ತಲೇ ಇದೆ. ಅಂಥ ಒಂದು ಶೆಡ್ಡಿನೊಳಗೆ ಹೋದರೆ ತೊಟ್ಟಿಗಳ ಸಾಲು ಕಾಣುತ್ತದೆ. ಕ್ರೋಮ್ ಹಿಡಿಸುವ ತೊಟ್ಟಿಯ ದ್ರಾವಣ ಕಡು ಕೆಂಗಂದು ಬಣ್ಣದ್ದು. ಅದರಲ್ಲಿ ಸಾಮಾನ್ಯವಾಗಿ ಲೀಟರಿಗೆ 250 ಗ್ರಾಂನಷ್ಟು ಕ್ರೋಮಿಕ್ ಆಮ್ಲ ಇರುತ್ತದೆ. ಕೆಲಸಗಾರ ಕೊಕ್ಕೆಗೆ ನೇತುಹಾಕಿದ ಬಿಡಿಭಾಗಗಳನ್ನು ಮೇಲೆತ್ತಿ, ಪಕ್ಕದ ತೊಳೆಯುವ ತೊಟ್ಟಿಗೆ ಒಯ್ಯುತ್ತಾನೆ. ಒಯ್ಯುವಾಗ ನಾಲ್ಕು ಹನಿ ನೆಲಕ್ಕೆ ಬೀಳುತ್ತವೆ. ಆ ಲೆಕ್ಕದಲ್ಲಿ ಒಂದು ಹನಿಯಲ್ಲಿ ಸುಮಾರು ಹನ್ನೆರಡೂವರೆ ಮಿಲಿಗ್ರಾಂ ಕ್ರೋಮಿಕ್ ಆಮ್ಲ, ಅಂದರೆ ಆರೂವರೆ ಮಿಲಿಗ್ರಾಂ ಕ್ರೋಮಿಯಂ ಇದೆ. 0.05ರ ಮಿತಿಯಿಂದ ಭಾಗಿಸಿದರೆ 130 ಬರುತ್ತದೆ. ನೆಲಕ್ಕೆ ಬಿದ್ದ ಒಂದೇ ಹನಿ 130 ಲೀಟರ್ ಶುದ್ಧ ನೀರನ್ನು ಮಿತಿಯ ಅಂಚಿಗೆ ತಂದು ನಿಲ್ಲಿಸಬಲ್ಲದು. ಆ ಶೆಡ್ಡಿನ ನೆಲದಲ್ಲಿ ಬಿರುಕಿದ್ದರೆ ಮುಂದಿನದನ್ನು ನೀವೇ ಊಹಿಸಿಕೊಳ್ಳಬಹುದು.

ಕಾರ್ಖಾನೆಯಿಲ್ಲದ ಕಡೆಯೂ ಈ ಕಷ್ಟ ಬರುತ್ತದೆ. ಯಾದಗಿರಿ ಜಿಲ್ಲೆ ಸುರಪುರ ಭಾಗದ ಕಿರದಳ್ಳಿ ತಾಂಡಾ ಹಳೆಯ ಚಿನ್ನದ ಗಣಿಗಾರಿಕೆಯ ಬೆಟ್ಟಸಾಲಿನ ಪಕ್ಕದ ಲಂಬಾಣಿಗರ ಊರು. ಚಿನ್ನದ ಅದಿರಿನ ಜತೆ ಆರ್ಸೆನೋಪೈರೈಟ್ ಎಂಬ ಖನಿಜ ಇರುವುದು ಸಾಮಾನ್ಯ, ಅದರಲ್ಲಿ ಆರ್ಸೆನಿಕ್ ಇದೆ. ಅಲ್ಲಿನ ಕೊಳವೆಬಾವಿಯ ನೀರು ಕುಡಿದವರ ಅಂಗೈ, ಅಂಗಾಲುಗಳಲ್ಲಿ ಚರ್ಮ ಗಂಟುಗಂಟಾಗಿ ಗಟ್ಟಿಯಾದದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ಪಶ್ಚಿಮ ಬಂಗಾಳದಲ್ಲಿ 1983ರಲ್ಲಿ ಡಾ. ಕೆ. ಸಿ. ಸಾಹಾ ಗುರುತಿಸಿದ್ದೂ ಇದೇ ಲಕ್ಷಣವನ್ನು. ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲಿ ಭೇದವಿಲ್ಲ. ವರ್ಷಗಟ್ಟಲೆ ಕುಡಿದ ಮೇಲೆ ವಿಷ ಮೈಮೇಲೆ ಕಾಣಿಸಿಕೊಳ್ಳುತ್ತದೆ.

ಸೀಸದ ಬಗ್ಗೆ ಒಂದೇ ಮಾತು. ಮಕ್ಕಳ ಮಿದುಳಿನ ಮಟ್ಟಿಗೆ ಸೀಸಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಪ್ರೊ. ತುಪ್ಪಿಲ್ ವೆಂಕಟೇಶ್ ಅವರು ದಶಕಗಳ ಕಾಲ ಇದನ್ನು ಊರೂರಿಗೆ ಸಾರುತ್ತ ಬಂದರು. ಪೆಟ್ರೋಲಿನಿಂದ ಸೀಸವನ್ನು ದೇಶ 2000ದ ಹೊತ್ತಿಗೆ ತೆಗೆದುಹಾಕಿತು. ಬ್ಯಾಟರಿ ಕರಗಿಸುವ ಗಲ್ಲಿಗಳಿಂದ ಅದು ಇನ್ನೂ ಹೋಗಿಲ್ಲ.

ಇನ್ನು ಎರಡನೆಯ ಭಾಗಕ್ಕೆ ಬರುತ್ತೇನೆ, ಇದ್ದಿಲಿನ ಕಡೆಗೆ.

ತಿಪಟೂರು, ಅರಸೀಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರು ಇಲ್ಲಿ ಬಹಳ ಮಂದಿ ಇದ್ದೀರಿ. ತೆಂಗಿನಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿ ಉಂಡೆ ಕೊಬ್ಬರಿ ತೆಗೆದ ಮೇಲೆ ಉಳಿಯುವ ಚಿಪ್ಪು ಸಕ್ರಿಯ ಇಂಗಾಲಕ್ಕೆ ಜಗತ್ತಿನಲ್ಲೇ ಒಳ್ಳೆಯ ಕಚ್ಚಾವಸ್ತುಗಳಲ್ಲಿ ಒಂದು. ಚಿಪ್ಪನ್ನು ಗುಂಡಿಗೆ ತುಂಬಿ ತಳದಲ್ಲಿ ಬೆಂಕಿ ಕೊಡುತ್ತಾರೆ. ಮೊದಲು ಬರುವುದು ದಟ್ಟ ಬಿಳಿ ಹೊಗೆ, ಅದು ತೇವ. ಆಮೇಲೆ ಹಳದಿ ತಿರುಗಿ ಕಣ್ಣುರಿಸುವ ಹೊಗೆ, ಅದರಲ್ಲಿ ಡಾಂಬರಿನಂಥ ಆವಿಗಳಿವೆ. ಹೊಗೆ ತೆಳುವಾಗಿ ನೀಲಿಗೆ ತಿರುಗಿದಾಗ ತಗಡು ಮುಚ್ಚಿ ಮಣ್ಣು ಮೆತ್ತಿ ಗಾಳಿಯಾಡದಂತೆ ಮಾಡುತ್ತಾರೆ. ಚೆನ್ನಾಗಿ ಬೆಂದ ಚಿಪ್ಪಿನ ಇದ್ದಿಲನ್ನು ಮುರಿದರೆ ಅಂಚು ಹೊಳೆಯುತ್ತದೆ, ನೆಲಕ್ಕೆ ಬಿದ್ದರೆ ಲೋಹದಂತೆ ಟಣ್ ಎನ್ನುತ್ತದೆ. ಮೂರು ಪಾಲು ಚಿಪ್ಪಿಗೆ ಸುಮಾರು ಒಂದು ಪಾಲು ಇದ್ದಿಲು ಸಿಗುತ್ತದೆ. ಉಳಿದೆರಡು ಪಾಲು ಹೊಗೆಯಾಗಿ ಸುತ್ತಲ ಹಳ್ಳಿಗಳ ಮೇಲೆ ಕವಿಯುತ್ತದೆ. ನೀರನ್ನು ಶುದ್ಧ ಮಾಡುವ ಪದಾರ್ಥವೊಂದು ತಯಾರಾಗುವಾಗ ಒಂದು ಊರಿನ ಗಾಳಿ ಕೆಡುವುದು ನನಗೆ ಒಪ್ಪಿಗೆಯಿಲ್ಲ. ಆ ಹೊಗೆಯನ್ನು ಹಿಡಿದು ಅದರ ಶಾಖವನ್ನೇ ಬಳಸುವ ಕುಲುಮೆಗಳಿವೆ, ಅವುಗಳ ಕಡೆಗೆ ಹೋಗಲೇಬೇಕು.

ಗುಂಡಿಯಿಂದ ಬಂದದ್ದು ಇನ್ನೂ ಬರಿಯ ಇದ್ದಿಲು. ಕಾರ್ಖಾನೆಯಲ್ಲಿ ಇದನ್ನು 800ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಬೆಗೆ ಒಡ್ಡುತ್ತಾರೆ. ಹಬೆ ಇಂಗಾಲದ ಒಂದಿಷ್ಟು ಪರಮಾಣುಗಳನ್ನು ಕಾರ್ಬನ್ ಮಾನಾಕ್ಸೈಡ್ ಆಗಿ ಕೊರೆದು ಒಯ್ಯುತ್ತದೆ. ಕೊರೆದ ಜಾಗವೆಲ್ಲ ರಂಧ್ರ. ಎರಡು ನ್ಯಾನೋಮೀಟರಿಗಿಂತ ಕಿರಿದಾದ ಅಸಂಖ್ಯ ರಂಧ್ರಗಳ ಗೋಡೆಗಳನ್ನೆಲ್ಲ ಬಿಚ್ಚಿ ಹರಡಿದರೆ ಒಂದೇ ಗ್ರಾಂ ಇಂಗಾಲಕ್ಕೆ 1000 ಚದರ ಮೀಟರಿನಷ್ಟು ಮೇಲ್ಮೈ ಬರುತ್ತದೆ. ಬೆಂಗಳೂರಿನ ಲೆಕ್ಕದಲ್ಲಿ ಹೇಳಬೇಕೆಂದರೆ ಚಿಟಿಕೆ ಪುಡಿಯೊಳಗೆ ಮೂವತ್ತು-ನಲವತ್ತರ ಒಂಬತ್ತು ಸೈಟುಗಳು. ನೀರಿನಲ್ಲಿರುವ ಅಣುಗಳು ಈ ಗೋಡೆಗೆ ಬಂದು ಅಂಟಿಕೊಳ್ಳುವುದನ್ನು ಅಧಿಶೋಷಣೆ ಎನ್ನುತ್ತೇವೆ.

ಇದರ ಚರಿತ್ರೆ ಉದ್ದದ್ದು, ನಾನು ಬೇಗ ದಾಟುತ್ತೇನೆ. 1773ರಲ್ಲಿ ರಸಾಯನ ವಿಜ್ಞಾನಿ ಶೀಲೆ, ಇದ್ದಿಲು ಅನಿಲಗಳನ್ನು ಹಿಡಿಯುವುದನ್ನು ಅಳೆದ. 1785ರಲ್ಲಿ ರಷ್ಯದಲ್ಲಿದ್ದ ಲೋವಿಟ್ಸ್ ದ್ರಾವಣಗಳ ಬಣ್ಣವನ್ನು ಅದು ತೆಗೆಯುವುದನ್ನು ಕಂಡ. ಸಕ್ಕರೆ ಕಾರ್ಖಾನೆಗಳು ಅದನ್ನು ಕೈಗೆತ್ತಿಕೊಂಡವು. ಮೊದಲ ಮಹಾಯುದ್ಧದಲ್ಲಿ ಸೈನಿಕರ ವಿಷಾನಿಲ ಮುಖವಾಡಕ್ಕೆ ಚಿಪ್ಪಿನ ಇದ್ದಿಲು ಹೋಯಿತು. ಇವೆಲ್ಲ ಅನಿಲ, ಬಣ್ಣ, ವಾಸನೆಗಳ ಕಥೆ. ಲೋಹದ ಮಾತು ಇಲ್ಲೆಲ್ಲೂ ಬರಲಿಲ್ಲ ಎಂಬುದನ್ನು ಗಮನಿಸಿ.

ಅದಕ್ಕೆ ಕಾರಣವಿದೆ. ಇಂಗಾಲದ ಗೋಡೆಗೆ ನೀರು ಒಗ್ಗದು. ಎಣ್ಣೆ, ಬಣ್ಣ, ಕೀಟನಾಶಕದಂಥ ಸಾವಯವ ಅಣುಗಳಿಗೂ ನೀರು ಒಗ್ಗದು, ಅದಕ್ಕೇ ಅವು ನೀರು ಬಿಟ್ಟು ಇಂಗಾಲವನ್ನು ಸೇರುತ್ತವೆ. ಸೀಸದ ಅಯಾನಿಗೆ ವಿದ್ಯುದಾವೇಶವಿದೆ, ಅದು ತನ್ನ ಸುತ್ತ ನೀರಿನ ಅಣುಗಳನ್ನು ಬಿಗಿಯಾಗಿ ಕಟ್ಟಿಕೊಂಡು ನೀರಿನಲ್ಲೇ ನೆಮ್ಮದಿಯಾಗಿರುತ್ತದೆ. ವೈದ್ಯರಿಗೆ ಇದು ಅನುಭವದಿಂದಲೇ ಗೊತ್ತು. ವಿಷ ಸೇವಿಸಿ ಬಂದವರಿಗೆ ಆಸ್ಪತ್ರೆಯಲ್ಲಿ ಸಕ್ರಿಯ ಇದ್ದಿಲಿನ ಪುಡಿಯನ್ನು ಕಲಸಿ ಕುಡಿಸುವುದುಂಟು. ನುಂಗಿದ್ದು ಕಬ್ಬಿಣದ ಮಾತ್ರೆಯೋ ಲಿಥಿಯಂ ಲವಣವೋ ಸೀಸವೋ ಆಗಿದ್ದರೆ ಆ ಇದ್ದಿಲಿನಿಂದ ಹೆಚ್ಚು ಉಪಯೋಗವಿಲ್ಲವೆಂದು ಅವರ ಪಠ್ಯಗಳೇ ಹೇಳುತ್ತವೆ. ಮನೆಯ ಫಿಲ್ಟರಿನ ಸಾಧಾರಣ ಇಂಗಾಲವೂ ಅಷ್ಟೆ. ಕ್ಲೋರಿನ್ ವಾಸನೆ ತೆಗೆಯಲು ಅದನ್ನು ಇಟ್ಟಿರುತ್ತಾರೆ. ಅದು ಲೋಹವನ್ನು ತೆಗೆಯುತ್ತದೆ ಎಂದು ನಂಬಿ ಕೂರಬಾರದು.

ಹಾಗಾದರೆ ಮಾಡುವುದೇನು? ಗೋಡೆಯ ಗುಣವನ್ನು ಬದಲಿಸಬೇಕು. ಮಾರ್ಪಾಡು ಎಂದರೆ ಇಷ್ಟೇ. ಆದರೆ ಲೋಹಕ್ಕೆ ತಕ್ಕ ಮಾರ್ಪಾಡು ಬೇಕು, ಎಲ್ಲಕ್ಕೂ ಒಂದೇ ಮದ್ದು ಇಲ್ಲ. ಇದನ್ನು ನಮ್ಮ ಐದೂ ಲೋಹಗಳಲ್ಲಿ ನೋಡೋಣ. ಕ್ರೋಮಿಯಂ ಬಂದಾಗ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಸೀಸ ಮತ್ತು ಕ್ಯಾಡ್ಮಿಯಂ ನೀರಿನಲ್ಲಿ ಧನಾವೇಶದ ಅಯಾನುಗಳು. ಇಂಗಾಲವನ್ನು ನೈಟ್ರಿಕ್ ಆಮ್ಲದಲ್ಲಿ ಕಾಯಿಸಿದರೆ ಅದರ ಅಂಚುಗಳಲ್ಲಿ ಕಾರ್ಬಾಕ್ಸಿಲ್ ಗುಂಪುಗಳು ಹುಟ್ಟುತ್ತವೆ. ಸಾಧಾರಣ ನೀರಿನಲ್ಲಿ ಈ ಗುಂಪು ಹೈಡ್ರೋಜನ್ನನ್ನು ಬಿಟ್ಟುಕೊಟ್ಟು ಋಣಾವೇಶ ಪಡೆಯುತ್ತದೆ, ಸೀಸವನ್ನು ಕಟ್ಟಿ ಹಾಕುತ್ತದೆ. ಕುತೂಹಲದ ಸಂಗತಿಯೆಂದರೆ ಆಮ್ಲದ ಏಟಿಗೆ ಕೆಲವು ರಂಧ್ರಗಳು ಕುಸಿದು ಮೇಲ್ಮೈ ವಿಸ್ತೀರ್ಣ ಕಡಿಮೆಯಾಗುತ್ತದೆ, ಆದರೂ ಸೀಸ ಹಿಡಿಯುವ ಶಕ್ತಿ ಏರುತ್ತದೆ. ಲೋಹದ ವಿಷಯದಲ್ಲಿ ಮೇಲ್ಮೈ ಎಷ್ಟಿದೆ ಎಂಬುದಕ್ಕಿಂತ ಅದರ ಮೇಲೆ ಏನಿದೆ ಎಂಬುದು ಮುಖ್ಯ. ಮೇಲ್ಮೈಯ ಅಳತೆಯೆಂದು ಬಳಸುವ ಅಯೋಡಿನ್ ಸಂಖ್ಯೆ ಹೆಚ್ಚೆಂಬ ಒಂದೇ ಕಾರಣಕ್ಕೆ ಇಂಗಾಲ ಕೊಳ್ಳುವ ಎಂಜಿನಿಯರುಗಳು ಇದನ್ನು ನೆನಪಿಡಬೇಕು.

ಪಾದರಸಕ್ಕೆ ಗಂಧಕ ಬೇಕು. ಮೆದು ಆಮ್ಲ ಮೆದು ಪ್ರತ್ಯಾಮ್ಲವನ್ನು ಬಯಸುತ್ತದೆ ಎಂಬ ನಿಯಮವನ್ನು ರಾಲ್ಫ್ ಪಿಯರ್ಸನ್ 1963ರಲ್ಲಿ ಮಂಡಿಸಿದರು. ಪಾದರಸವೂ ಗಂಧಕವೂ ಅಂಥ ಜೋಡಿ. ಭೂಮಿಯಲ್ಲೇ ಪಾದರಸ ಸಿಗುವುದು ಗಂಧಕದ ಜತೆ ಕೂಡಿ, ನಮ್ಮ ಹಿರಿಯರು ಇಂಗಳೀಕ ಎನ್ನುತ್ತಿದ್ದ ಕೆಂಪು ಅದಿರಾಗಿ. ಗಂಧಕವನ್ನು ಕಾಯಿಸಿ ರಂಧ್ರಗಳೊಳಗೆ ಸೇರಿಸಿದ ಇಂಗಾಲ ಪಾದರಸವನ್ನು ಬಲವಾಗಿ ಹಿಡಿಯುತ್ತದೆ.

ಆರ್ಸೆನಿಕ್ ನೀರಿನಲ್ಲಿ ಧನಾವೇಶದ ಅಯಾನಾಗಿ ಇರುವುದೇ ಇಲ್ಲ. ಐದು ವೇಲೆನ್ಸಿಯ ರೂಪದಲ್ಲಿ ಅದು ಋಣಾವೇಶದ ಆರ್ಸಿನೇಟ್. ಮೂರು ವೇಲೆನ್ಸಿಯ ರೂಪದಲ್ಲಿ, ನಮ್ಮ ಸಾಮಾನ್ಯ ಬಾವಿ ನೀರಿನ ಪಿಎಚ್‌ನಲ್ಲಿ, ಅದಕ್ಕೆ ಆವೇಶವೇ ಇಲ್ಲ. ಅದು ಹೆಚ್ಚು ವಿಷಕಾರಿ, ಹಿಡಿಯಲೂ ಕಷ್ಟ. ಆದ್ದರಿಂದ ಮೊದಲು ಬ್ಲೀಚಿಂಗ್ ಪುಡಿಯಂಥ ಉತ್ಕರ್ಷಕದಿಂದ ಮೂರನ್ನು ಐದಾಗಿಸಿ, ಆಮೇಲೆ ಕಬ್ಬಿಣದ ಹೈಡ್ರಾಕ್ಸೈಡ್ ಲೇಪಿಸಿದ ಇಂಗಾಲಕ್ಕೆ ಬಿಡಬೇಕು. ಇಲ್ಲಿ ನಿಜವಾದ ಕೆಲಸ ಕಬ್ಬಿಣದ್ದು, ಇಂಗಾಲ ಅದಕ್ಕೆ ವಿಶಾಲವಾದ ನೆಲೆ. ಬಾಂಗ್ಲಾದೇಶದ ಕುಷ್ಟಿಯಾದವರಾದ ರಸಾಯನ ವಿಜ್ಞಾನಿ ಅಬುಲ್ ಹುಸ್ಸಾಂ ರೂಪಿಸಿದ ಸೋನೋ ಫಿಲ್ಟರ್ ಮನೆಯೊಳಗೇ ಕಬ್ಬಿಣ, ಮರಳು, ಇದ್ದಿಲು, ಇಟ್ಟಿಗೆ ಚೂರುಗಳ ಪದರಗಳಿಂದ ಈ ಕೆಲಸ ಮಾಡಿತು. 2007ರಲ್ಲಿ ಅವರಿಗೆ ಅಮೆರಿಕದ ಗ್ರೇಂಜರ್ ಪ್ರಶಸ್ತಿ ಬಂತು. ವಿದ್ಯುತ್ ಬೇಡದ, ಬಡವರ ಅಡುಗೆಮನೆಯಲ್ಲಿ ಕೂರುವ ಇಂಥ ಸಾಧನಗಳ ಬಗ್ಗೆ ನನಗೆ ಬಹಳ ಗೌರವವಿದೆ.

ಈಗ ಕ್ರೋಮಿಯಂ. ಪ್ಲೇಟಿಂಗ್ ತೊಟ್ಟಿಯಿಂದ ಬರುವುದು ಆರು ವೇಲೆನ್ಸಿಯ ಕ್ರೋಮಿಯಂ. ಇದೂ ಋಣಾವೇಶದ ಕ್ರೋಮೇಟ್. ಸೀಸಕ್ಕೆಂದು ನೈಟ್ರಿಕ್ ಆಮ್ಲದಲ್ಲಿ ಕಾಯಿಸಿದ ಇಂಗಾಲವನ್ನು ಇದಕ್ಕೆ ಹಾಕಿದರೆ ಗೋಡೆಯ ಋಣಾವೇಶ ಕ್ರೋಮೇಟನ್ನು ದೂರ ತಳ್ಳುತ್ತದೆ. ಒಂದು ಲೋಹಕ್ಕೆ ಉಪಕಾರಿಯಾದ ಮಾರ್ಪಾಡು ಇನ್ನೊಂದಕ್ಕೆ ಅಡ್ಡಿಯಾಗುವುದು ಹೀಗೆ. ಇಲ್ಲಿ ಬೇಕಾದದ್ದು ಸಾರಜನಕದ ಅಮೀನ್ ಗುಂಪುಗಳಿರುವ ಮೇಲ್ಮೈ, ಜತೆಗೆ ಆಮ್ಲೀಯ ನೀರು. ಪಿಎಚ್ ಎರಡರ ಹತ್ತಿರ ಈ ಕ್ರಿಯೆ ಚುರುಕಾಗಿ ನಡೆಯುತ್ತದೆ.

ಎಂ.ಎಸ್ಸಿ. ವಿದ್ಯಾರ್ಥಿಗಳು ಮಾಡುವ ಪ್ರಯೋಗವನ್ನೇ ನೋಡಿ. ಹಳದಿ ಬಣ್ಣದ ಡೈಕ್ರೋಮೇಟ್ ದ್ರಾವಣಕ್ಕೆ ಇಂಗಾಲ ಹಾಕಿ, ಅಲುಗಾಡಿಸುವ ಯಂತ್ರದಲ್ಲಿಟ್ಟು, ಸೋಸುತ್ತಾರೆ. ಸೋಸಿದ ನೀರಿಗೆ ಆಮ್ಲ, ಆಮೇಲೆ ಡೈಫೀನೈಲ್ ಕಾರ್ಬಜೈಡ್ ಹಾಕುತ್ತಾರೆ. ಆರು ವೇಲೆನ್ಸಿಯ ಕ್ರೋಮಿಯಂ ಇದ್ದರೆ ನೇರಳೆ ಬಣ್ಣ ಏಳುತ್ತದೆ. ಅದನ್ನು 540 ನ್ಯಾನೋಮೀಟರಿನಲ್ಲಿ ಅಳೆಯುತ್ತಾರೆ. ಬಣ್ಣ ಬರಲಿಲ್ಲ, ಹಾಗಾಗಿ ಕ್ರೋಮಿಯಂ ಪೂರ್ತಿ ಹೋಯಿತು ಎಂದು ವರದಿ ಬರೆಯುತ್ತಾರೆ. ಆದರೆ ಆಮ್ಲೀಯ ನೀರಿನಲ್ಲಿ ಇಂಗಾಲ ಕ್ರೋಮೇಟಿಗೆ ಎಲೆಕ್ಟ್ರಾನುಗಳನ್ನು ಕೊಟ್ಟು ಅದನ್ನು ಮೂರು ವೇಲೆನ್ಸಿಗೆ ಇಳಿಸಿಬಿಡುತ್ತದೆ. ಮೂರು ವೇಲೆನ್ಸಿಯ ಕ್ರೋಮಿಯಂ ಈ ಪರೀಕ್ಷೆಗೆ ಬಣ್ಣ ಕೊಡುವುದಿಲ್ಲ. ಅದರಲ್ಲಿ ಒಂದಷ್ಟು ಇಂಗಾಲಕ್ಕೆ ಅಂಟದೆ ನೀರಿನಲ್ಲೇ ಉಳಿದಿರುತ್ತದೆ. ವಿಷದ ತೀವ್ರತೆ ಬಹಳ ಇಳಿದದ್ದು ನಿಜ, ಲೋಹ ಹೋದದ್ದು ನಿಜವಲ್ಲ. ಅಟಾಮಿಕ್ ಅಬ್ಸಾರ್ಪ್‌ಷನ್ ಯಂತ್ರದಲ್ಲಿ ಒಟ್ಟು ಕ್ರೋಮಿಯಂ ಅಳೆಯದೆ ಬರೆದ ಶೇಕಡಾವಾರು ಅಂಕಿಯನ್ನು ಯಾವ ಮಾರ್ಗದರ್ಶಕರೂ ಒಪ್ಪಬಾರದು ಎಂದು ವಿನಂತಿಸುತ್ತೇನೆ.

ಈ ಮಾತು ನಮ್ಮನ್ನು ಮೂರನೆಯ ಭಾಗಕ್ಕೆ, ಪ್ರಯೋಗಾಲಯಕ್ಕೂ ಊರಿಗೂ ನಡುವಿನ ದೂರಕ್ಕೆ ತಂದಿದೆ.

ಸಕ್ರಿಯ ಇಂಗಾಲದ ಬಗ್ಗೆ ನಮ್ಮ ದೇಶದಲ್ಲಿ ಪ್ರಕಟವಾಗುವ ಪ್ರಬಂಧಗಳಿಗೆ ಬರವಿಲ್ಲ. ಅಡಿಕೆ ಸಿಪ್ಪೆ, ಕಾಫಿ ಹೊಟ್ಟು, ಹುಣಸೆ ಬೀಜ, ಕಡಲೆಕಾಯಿ ಸಿಪ್ಪೆ, ಎಲ್ಲವನ್ನೂ ಸುಟ್ಟು ನೋಡಿದ್ದೇವೆ. ಬಹುಪಾಲು ಪ್ರಬಂಧಗಳಲ್ಲಿ ನೀರು ಡಿಸ್ಟಿಲ್ಡ್ ವಾಟರ್, ಲೋಹ ಒಂದೇ, ಅದೂ ಲೀಟರಿಗೆ 50, 100 ಮಿಲಿಗ್ರಾಂ. ನೀರಿನಲ್ಲಿ ಉಳಿದ ಲೋಹಕ್ಕೂ ಇಂಗಾಲ ಹಿಡಿದ ಲೋಹಕ್ಕೂ ಇರುವ ಸಂಬಂಧ ಹೇಳುವ ಲ್ಯಾಂಗ್‌ಮ್ಯೂರ್ ಸಮೀಕರಣ ಹೊಂದಿಸಿ ಗ್ರಾಂ ಇಂಗಾಲಕ್ಕೆ ಇಷ್ಟು ಮಿಲಿಗ್ರಾಂ ಎಂಬ ಗರಿಷ್ಠ ಸಾಮರ್ಥ್ಯ ಬರೆಯುತ್ತಾರೆ. ಆ ಗರಿಷ್ಠ ಸಿಗುವುದು ಲೋಹ ಧಾರಾಳವಾಗಿದ್ದಾಗ. ಬಾವಿಯಲ್ಲಿ ಇರುವುದು ಲೀಟರಿಗೆ 0.05 ಮಿಲಿಗ್ರಾಂ ಸೀಸವಾದರೆ ಆ ಸಮೀಕರಣದ ವಕ್ರರೇಖೆಯ ತೀರಾ ಕೆಳತುದಿಯಲ್ಲಿರುತ್ತೇವೆ. ಅಲ್ಲಿ ಅದೇ ಇಂಗಾಲ ಹಿಡಿಯುವುದು ಬಹಳ ಕಡಿಮೆ.

ಇನ್ನೊಂದು ತೊಡಕು ನಮ್ಮ ನೀರಿನ ಗಡಸುತನ. ಬಯಲುಸೀಮೆಯ ಕೊಳವೆಬಾವಿಯಲ್ಲಿ ಲೀಟರಿಗೆ 100 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ಅಪರೂಪವೇನಲ್ಲ. ಪರಮಾಣು ಭಾರದಿಂದ ಭಾಗಿಸಿ ನೋಡಿದರೆ 0.05 ಮಿಲಿಗ್ರಾಂ ಸೀಸವಿರುವ ಆ ನೀರಿನಲ್ಲಿ ಒಂದು ಸೀಸದ ಅಯಾನಿಗೆ ಹತ್ತು ಸಾವಿರಕ್ಕೂ ಹೆಚ್ಚು ಕ್ಯಾಲ್ಸಿಯಂ ಅಯಾನುಗಳು ಬರುತ್ತವೆ. ಕಾರ್ಬಾಕ್ಸಿಲ್ ಗುಂಪು ಕ್ಯಾಲ್ಸಿಯಂಗೂ ಜಾಗ ಕೊಡುತ್ತದೆ. ಅಷ್ಟು ಜನರ ನಡುವೆ ಆ ಒಬ್ಬನನ್ನೇ ಹುಡುಕಿ ಹಿಡಿಯಬಲ್ಲುದೇ ಎಂಬುದೇ ಇಂಗಾಲಕ್ಕೆ ನಿಜವಾದ ಪರೀಕ್ಷೆ. ಆರ್ಸೆನಿಕ್‌ಗೆ ಫಾಸ್ಫೇಟ್, ಸಿಲಿಕೇಟ್ ಇದೇ ರೀತಿ ಪೈಪೋಟಿ ಕೊಡುತ್ತವೆ.

ಅದಕ್ಕೇ ಬೀಕರಿನ ಪ್ರಯೋಗಕ್ಕಿಂತ ಕಾಲಮ್ಮಿನ ಪ್ರಯೋಗದ ಮೇಲೆ ನನಗೆ ಹೆಚ್ಚು ನಂಬಿಕೆ. ಗಾಜಿನ ಕೊಳವೆಗೆ ಇಂಗಾಲದ ಹರಳು ತುಂಬಿ ಮೇಲಿನಿಂದ ಊರಿನ ನೀರನ್ನೇ ಬಿಡುತ್ತ ಹೋಗಬೇಕು. ಮೊದಮೊದಲು ಕೆಳಗೆ ಬರುವ ನೀರಿನಲ್ಲಿ ಲೋಹ ಇರುವುದಿಲ್ಲ. ಮೇಲಿನ ಪದರ ತುಂಬಿ, ಮುಂದಿನ ಪದರ ತುಂಬಿ, ಒಂದು ಹೊತ್ತಿನಲ್ಲಿ ಲೋಹ ಕೆಳಗೆ ಕಾಣಿಸಿಕೊಳ್ಳುತ್ತದೆ. ಅದು ಮಿತಿಯನ್ನು ಮುಟ್ಟುವ ಮೊದಲು ಎಷ್ಟು ಲೀಟರ್ ದಾಟಿತು ಎಂಬುದೇ ಇಂಗಾಲ ಬಳಸುವವನಿಗೆ ಬೇಕಾದ ಅಂಕಿ. ಬೊಹಾರ್ಟ್ ಮತ್ತು ಆಡಮ್ಸ್ ಎಂಬ ಸಂಶೋಧಕರು ಇದರ ಗಣಿತವನ್ನು 1920ರಲ್ಲೇ ಕೊಟ್ಟಿದ್ದಾರೆ. ಚಿಪ್ಪಿನ ಇಂಗಾಲ ಗಟ್ಟಿ, ಅದರಲ್ಲಿ ಬೂದಿ ಕಡಿಮೆ, ಕಾಲಮ್ಮಿನಲ್ಲಿ ಪುಡಿಯಾಗುವುದಿಲ್ಲ. ನಮ್ಮ ನಾಡಿನ ಚಿಪ್ಪಿಗೆ ಇರುವ ಅನುಕೂಲ ಇದು.

ಕೆಲಸ ನಡೆಯುತ್ತದೆಯೆ ಎಂಬ ಸಂಶಯ ಬರಬಹುದು. ನಡೆದಿದೆ. ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ 2014ರಲ್ಲಿ ನೀರಿನ ಮೂಲವನ್ನು ಬದಲಿಸಿದಾಗ ಕೊಳವೆ ಸವೆಯದಂತೆ ತಡೆಯುವ ರಾಸಾಯನಿಕವನ್ನು ಹಾಕಲಿಲ್ಲ. ಹಳೆಯ ಸೀಸದ ಕೊಳವೆಗಳಿಂದ ಸೀಸ ಮನೆಮನೆಯ ನಲ್ಲಿಗೆ ಬಂತು. ಆಗ ಜನರಿಗೆ ಹಂಚಿದ ನಲ್ಲಿ ಫಿಲ್ಟರುಗಳು ಸೀಸಕ್ಕೆಂದೇ ಪ್ರಮಾಣೀಕರಿಸಿದವು, ಒಳಗೆ ಒತ್ತಿ ಗಟ್ಟಿ ಮಾಡಿದ ಇಂಗಾಲದ ಜತೆ ಲೋಹ ಹಿಡಿಯುವ ಪದಾರ್ಥವನ್ನೂ ಸೇರಿಸಿದವು. 2016ರಲ್ಲಿ ಅಲ್ಲಿನ ಪರಿಸರ ಸಂಸ್ಥೆ ಪರೀಕ್ಷಿಸಿದಾಗ ಅವು ಕೆಲಸ ಮಾಡುತ್ತಿದ್ದವು. ಅವು ಗೆದ್ದದ್ದು ನಿರ್ದಿಷ್ಟ ಲೋಹಕ್ಕೆ ತಯಾರಾಗಿದ್ದರಿಂದ, ಇಷ್ಟು ಗ್ಯಾಲನ್ ಆದ ಮೇಲೆ ಬದಲಿಸಬೇಕೆಂದು ಬರೆದದ್ದರಿಂದ. ನಮ್ಮ ಅಂಗಡಿಯಲ್ಲಿ ಫಿಲ್ಟರ್ ಕೊಳ್ಳುವಾಗ 'ಇದು ಯಾವ ಲೋಹಕ್ಕೆ, ಎಷ್ಟು ಲೀಟರಿನವರೆಗೆ' ಎಂದು ಕೇಳಿ. ಉತ್ತರ ಬರದಿದ್ದರೆ ಲೋಹಕ್ಕಾಗಿ ಅದನ್ನು ಕೊಳ್ಳಬೇಡಿ. ಸಂಶಯವಿರುವ ಬಾವಿಯ ನೀರನ್ನು ಮೊದಲು ಪರೀಕ್ಷೆಗೆ ಕೊಡಿ, ಹತ್ತಿರದಲ್ಲೇ ಬೇರೆ ಒಳ್ಳೆಯ ನೀರಿದ್ದರೆ ಯಾವ ಫಿಲ್ಟರಿಗಿಂತಲೂ ಅದೇ ಮೇಲು.

ಕಾರ್ಖಾನೆಯಲ್ಲಿ ಇಂಗಾಲದ ಸ್ಥಾನ ಕೊನೆಯಲ್ಲಿ. ದಟ್ಟವಾದ ಕ್ರೋಮಿಯಂ ನೀರಿಗೆ ಮೊದಲು ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ ಮೂರು ವೇಲೆನ್ಸಿಗೆ ಇಳಿಸಿ, ಸುಣ್ಣದಿಂದ ಪಿಎಚ್ ಏರಿಸಿ, ಗಸಿಯಾಗಿ ಕೆಳಗೆ ಕೂರಿಸುವುದೇ ಅಗ್ಗದ ದಾರಿ. ಆಮೇಲೆ ಉಳಿದ ಅಲ್ಪಸ್ವಲ್ಪಕ್ಕೆ ಇಂಗಾಲ. ದಟ್ಟ ನೀರಿಗೇ ನೇರವಾಗಿ ಇಂಗಾಲ ಹಾಕಿದರೆ ಒಂದೆರಡು ದಿನದಲ್ಲಿ ಕಾಲಮ್ ತುಂಬಿಹೋಗುತ್ತದೆ.

ತುಂಬಿದ ಆ ಇಂಗಾಲವನ್ನು ಏನು ಮಾಡುವುದು? ಇದೇ ನಾಲ್ಕನೆಯ ಭಾಗ.

ಸಾವಯವ ಕೊಳೆ ಹಿಡಿದ ಇಂಗಾಲವನ್ನು ಮತ್ತೆ ಕುಲುಮೆಗೆ ಹಾಕಿ ಕೊಳೆಯನ್ನು ಸುಟ್ಟು ಮರುಬಳಕೆ ಮಾಡಬಹುದು. ಲೋಹ ಹಿಡಿದ ಇಂಗಾಲಕ್ಕೆ ಆ ದಾರಿ ಇಲ್ಲ. ಪಾದರಸ 357 ಡಿಗ್ರಿಗೇ ಕುದಿದು ಆವಿಯಾಗುತ್ತದೆ, ಆರ್ಸೆನಿಕ್‌ನ ಆಕ್ಸೈಡ್ ಕೂಡ ಹಾರಿಹೋಗುತ್ತದೆ. ನೀರಿನಿಂದ ತೆಗೆದದ್ದನ್ನು ಗಾಳಿಗೆ ಬಿಟ್ಟಂತಾಯಿತು. ಸೀಸ, ಕ್ಯಾಡ್ಮಿಯಂ ಹಿಡಿದದ್ದನ್ನು ದುರ್ಬಲ ಆಮ್ಲದಲ್ಲಿ ತೊಳೆಯಬಹುದು, ಆರ್ಸೆನಿಕ್‌ಗೆ ಕಾಸ್ಟಿಕ್ ಸೋಡಾ ಬೇಕು. ತೊಳೆದ ನೀರು ಅಳತೆಯಲ್ಲಿ ಕಡಿಮೆ, ವಿಷದಲ್ಲಿ ಹೆಚ್ಚು. ಅದನ್ನು ಮತ್ತೆ ಗಸಿಯಾಗಿಸಬೇಕು. ಪ್ರತಿ ತೊಳೆತಕ್ಕೂ ಇಂಗಾಲದ ಶಕ್ತಿ ಸ್ವಲ್ಪ ಕುಗ್ಗುತ್ತದೆ. ಕೊನೆಗೊಂದು ದಿನ ಅದನ್ನು ಎಲ್ಲಾದರೂ ಇಡಲೇಬೇಕು.

ಇಡುವ ಜಾಗ ಊರಾಚೆಯ ಹಳ್ಳವಲ್ಲ, ಇಟ್ಟಿಗೆ ಗೂಡಿನ ಒಲೆಯೂ ಅಲ್ಲ. ಹಳ್ಳದ ಕಸದ ಹುಳಿ ನೀರು ತಾಗಿದರೆ ಕಾರ್ಬಾಕ್ಸಿಲ್ ಗುಂಪು ಹಿಡಿದ ಸೀಸವನ್ನು ಬಿಟ್ಟುಬಿಡುತ್ತದೆ, ಏಕೆಂದರೆ ಆಮ್ಲದಿಂದ ತೊಳೆಯುವ ಕ್ರಿಯೆಯೇ ಅಲ್ಲಿ ತಾನಾಗಿ ನಡೆಯುತ್ತದೆ. ಲೋಹ ಹಿಡಿದ ಇಂಗಾಲವನ್ನು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಿಗೆ ಒಳಪಟ್ಟದ್ದೆಂದೇ ನೋಡಿಕೊಳ್ಳಬೇಕು. ಆ ನಿಯಮಗಳ ಪ್ರಕಾರ ಘಟಕದಲ್ಲಿ ಅದನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಸಾಗಿಸುವಾಗ ರವಾನೆಯ ದಾಖಲೆ ಜತೆಗಿರಬೇಕು. ಸಿಮೆಂಟಿನಲ್ಲಿ ಬೆರೆಸಿ ಗಟ್ಟಿಮಾಡಿ, ತಳಕ್ಕೂ ಮೇಲಕ್ಕೂ ಪದರ ಹಾಸಿದ ಭದ್ರ ಗುಂಡಿಯಲ್ಲಿ ಹೂಳಬೇಕು. ಅಂಥ ಸೌಲಭ್ಯ ಬೆಂಗಳೂರು-ತುಮಕೂರು ಹೆದ್ದಾರಿಯ ದಾಬಸ್‌ಪೇಟೆಯಲ್ಲಿದೆ. ಪೀಣ್ಯವೂ ಅದೇ ರಸ್ತೆಯಲ್ಲಿದೆ. ಚಿಪ್ಪು ಹುಟ್ಟುವ ತಿಪಟೂರು ಅದೇ ದಿಕ್ಕಿಗೆ ಇನ್ನಷ್ಟು ದೂರ. ಕಚ್ಚಾವಸ್ತು, ಮಲಿನ ನೀರು, ಹೂಳುವ ಜಾಗ ಒಂದೇ ದಾರಿಯ ಮೇಲೆ ಸಿಗುವುದು ಎಲ್ಲ ರಾಜ್ಯಗಳಿಗೂ ಒದಗುವ ಅನುಕೂಲವಲ್ಲ.

ಸಣ್ಣ ಘಟಕದ ಮಾಲೀಕನಿಗೆ ಒಬ್ಬನೇ ಇದನ್ನೆಲ್ಲ ನಿಭಾಯಿಸುವುದು ಕಷ್ಟ. ಎರಡು ಚೀಲ ಇಂಗಾಲಕ್ಕಾಗಿ ಲಾರಿ ಮಾಡಿ ಕಳಿಸಲು ಅವನಿಗೆ ಕೈಗೂಡುವುದಿಲ್ಲ. ಹಾಗಾಗಿ ಆ ಚೀಲಗಳು ಕತ್ತಲಲ್ಲಿ ಹಳ್ಳ ಸೇರುತ್ತವೆ. ಹಾಲಿನ ಡೇರಿಯವರು ಊರೂರಿಗೆ ಬಂದು ಹಾಲು ಎತ್ತಿಕೊಂಡು ಹೋಗುವ ವ್ಯವಸ್ಥೆ ನಮಗೆ ಹೊಸದಲ್ಲ. ಇಂಗಾಲ ಮಾರಿದವನೇ ಹೊಸದನ್ನು ಕೊಟ್ಟು ತುಂಬಿದ ಕಾಲಮ್ಮನ್ನು ಹಿಂದಕ್ಕೆ ಒಯ್ಯುವ ಕರಾರು, ಅದಕ್ಕೆ ಕೈಗಾರಿಕಾ ಸಂಘದ ಮಧ್ಯಸ್ಥಿಕೆ, ಇಷ್ಟಿದ್ದರೆ ಆಗುವ ಕೆಲಸ ಇದು. ಫಿಲ್ಟರಿಗೆ ಸಹಾಯಧನ ಕೊಡುವ ಯೋಜನೆಗಳು ಬಂದರೆ ಹಿಂದಕ್ಕೆ ಒಯ್ಯುವ ಖರ್ಚನ್ನೂ ಅದರೊಳಗೇ ಸೇರಿಸಬೇಕು. ಆರ್ಸೆನಿಕ್ ಇರುವ ತಾಂಡಾಗಳಿಗೆ ಫಿಲ್ಟರ್ ಕೊಟ್ಟು, ಎರಡು ವರ್ಷದ ನಂತರ ಅದರೊಳಗಿನ ಕಬ್ಬಿಣ ಲೇಪಿತ ಇಂಗಾಲವನ್ನು ತಿಪ್ಪೆಗೆ ಸುರಿಯುವಂತಾದರೆ ಆ ಊರಿಗೆ ನಾವು ಎರಡನೇ ಬಾರಿ ಅನ್ಯಾಯ ಮಾಡಿದಂತೆ.

ಕೊನೆಯದಾಗಿ, ಇಲ್ಲಿರುವ ರಸಾಯನಶಾಸ್ತ್ರದ ಅಧ್ಯಾಪಕರಲ್ಲಿ ಒಂದು ಕೋರಿಕೆ. ಮುಂದಿನ ಸಾಲಿನ ಪ್ರಾಜೆಕ್ಟುಗಳಲ್ಲಿ ಹೊಸ ಸಿಪ್ಪೆಯೊಂದನ್ನು ಹುಡುಕುವ ಬದಲು ಈಗಾಗಲೇ ಇರುವ ಚಿಪ್ಪಿನ ಇಂಗಾಲವನ್ನೇ ತೆಗೆದುಕೊಳ್ಳಿ. ನಿಮ್ಮ ಕಾಲೇಜಿನ ಕೊಳವೆಬಾವಿಯ ನೀರಿಗೆ ತಿಳಿದ ಅಳತೆಯ ಲೋಹ ಸೇರಿಸಿ ಕಾಲಮ್ ನಡೆಸಿ. ಮಿತಿ ಮುಟ್ಟುವ ಮೊದಲು ದಾಟಿದ ಲೀಟರುಗಳನ್ನು ಬರೆದಿಡಿ. ತುಂಬಿದ ಇಂಗಾಲವನ್ನು ಹುಳಿ ನೀರಿನಲ್ಲಿ ಅಲುಗಾಡಿಸಿ ಎಷ್ಟು ಲೋಹ ಹಿಂದಕ್ಕೆ ಬಂತೆಂದು ಅಳೆಯಿರಿ. ಬಳಸಿದ ಆಮ್ಲ, ದ್ರಾವಣ, ಇಂಗಾಲ ಯಾವುದನ್ನೂ ಸಿಂಕಿಗೆ ಸುರಿಯದೆ ಡಬ್ಬಿಯಲ್ಲಿ ಹೆಸರು ಬರೆದು ಇಡುವುದನ್ನು ಮೊದಲ ದಿನವೇ ಮಕ್ಕಳಿಗೆ ಹೇಳಿಕೊಡಿ. ದಾಟಿದ ಲೀಟರು, ಹಿಂದಕ್ಕೆ ಬಂದ ಲೋಹ, ಈ ಎರಡು ಅಂಕಿಗಳನ್ನು ನಿಮ್ಮ ಜಿಲ್ಲೆಯ ಕೈಗಾರಿಕಾ ಸಂಘಕ್ಕೂ ಗ್ರಾಮ ಪಂಚಾಯಿತಿಗೂ ಒಂದೇ ಪುಟದಲ್ಲಿ ಬರೆದು ಕಳಿಸಿ.